ಜಂಭದ ಕಂಚಿನ ಕೋಳಿ

ಇಟಲಿಯ ಫ್ಲಾರೆನ್ಸಿನ ಬಾರ್ಜೆಲ್ಲೋ ಮ್ಯೂಸಿಯಮ್ಮಿಗೆ ಜನ ಹೋಗುವುದು ಶಿಲ್ಪಿ ಡೊನಾಟೆಲ್ಲೋನ ಡೇವಿಡ್ ವಿಗ್ರಹ ನೋಡಲು. ನಾನೂ ಅದಕ್ಕೇ ಹೋಗಿದ್ದೆ. ಅಂಗಳದ ಕಲ್ಲಿನ ಮೆಟ್ಟಿಲು ಹತ್ತಿದರೆ ಕಮಾನುಗಳ ಪಡಸಾಲೆ. ಅಲ್ಲಿ ಕಂಚಿನ ಟರ್ಕಿ ಕೋಳಿಯೊಂದು ಎದೆಯುಬ್ಬಿಸಿ ನಿಂತಿತ್ತು. ಮುಂದೆ ಹೋಗಲು ಕಾಲೇ ಬರಲಿಲ್ಲ.

ಜಾಂಬೊಲೋನ್ಯಾ ಎಂಬ ಶಿಲ್ಪಿ 1567ರ ಸುಮಾರಿಗೆ ಮಾಡಿದ ಕೋಳಿ ಇದು. ಅವನು ಹುಟ್ಟಿದ್ದು ಇಟಲಿಯಾಚೆ, ಉತ್ತರದ ಫ್ಲಾಂಡರ್ಸಿನಲ್ಲಿ, ಬಾಳಿದ್ದು ಫ್ಲಾರೆನ್ಸನ್ನು ಆಳುತ್ತಿದ್ದ ಮೆದಿಚಿ ಮನೆತನದ ಆಶ್ರಯದಲ್ಲಿ. ದೇವತೆಗಳನ್ನೂ ವೀರರನ್ನೂ ನುಣ್ಣಗೆ ತಿದ್ದಿ ತೀಡುತ್ತಿದ್ದ ಕೈ ಅದು. ಇಲ್ಲಿ ಮಾತ್ರ ಆ ನುಣುಪು ಇಲ್ಲ. ಹತ್ತಿರ ಹೋಗಿ ನೋಡಿದೆ. ಗರಿಗಳನ್ನು ಒಂದೊಂದಾಗಿ ಕೆತ್ತಿಲ್ಲ. ಮೆತ್ತನೆಯ ಮೇಣವನ್ನು ಅವಸರದಲ್ಲಿ ಒತ್ತಿ, ಎಳೆದು ಬಿಟ್ಟ ಹಾಗಿದೆ. ಆ ಒರಟುತನ ಕಂಚಿನ ಎರಕದಲ್ಲೂ ಹಾಗೇ ಉಳಿದಿದೆ. ಕೊಕ್ಕಿನ ಮೇಲಿಂದ ಜೋತುಬಿದ್ದ ಮಾಂಸ, ಕತ್ತಿನ ಗಂಟುಗಂಟು ಚರ್ಮ, ನೆಲಕ್ಕೆ ಇಳಿಬಿಟ್ಟ ರೆಕ್ಕೆ... ಅಬ್ಬಾ, ಏನು ದರ್ಪ! ದರ್ಬಾರಿಗೆ ತಡವಾಗಿ ಬಂದು ಎಲ್ಲರೂ ಎದ್ದು ನಿಲ್ಲಲಿ ಅಂತ ಕಾಯುವ ದೊಡ್ಡ ಮನುಷ್ಯನ ಹಾಗೆ.

ಆ ಕಾಲಕ್ಕೆ ಟರ್ಕಿ ಕೋಳಿ ಯುರೋಪಿಗೆ ಹೊಸದು. ಸ್ಪೇನಿನವರು ಅಮೆರಿಕದಿಂದ ತಂದು ಇನ್ನೂ ನೂರು ವರ್ಷವೂ ಆಗಿರಲಿಲ್ಲ. ಸಿರಿವಂತರಿಗೆ ಅದು ತೋರಿಸಿಕೊಳ್ಳುವ ಹಕ್ಕಿ. ಜಾಂಬೊಲೋನ್ಯಾ ಅದರಲ್ಲಿ ಅವರದೇ ಗತ್ತನ್ನು ಕಂಡಿರಬೇಕು ಅಂತ ನನಗನ್ನಿಸುತ್ತದೆ. ಆದರೆ ಗೇಲಿಯಲ್ಲಿ ಕಹಿ ಇಲ್ಲ. ಕೋಳಿಯ ಮೇಲೆ ಅವನಿಗೆ ಪ್ರೀತಿ ಇದೆ. ಇಲ್ಲದಿದ್ದರೆ ಇಷ್ಟು ಜೀವ ಬರುತ್ತಿತ್ತಾ? ಪಕ್ಕದ ಗೂಬೆಯನ್ನೂ ನೋಡಿದೆ, ಹದ್ದನ್ನೂ ನೋಡಿದೆ. ಚೆನ್ನಾಗಿವೆ. ಆದರೆ ಕಣ್ಣು ಮತ್ತೆ ಮತ್ತೆ ಹೊರಳಿದ್ದು ಕೋಳಿಯ ಕಡೆಗೇ.

ಈ ಹಕ್ಕಿಗಳನ್ನು ಮಾಡಿದ್ದು ಊರಾಚೆಯ ಕ್ಯಾಸ್ಟೆಲ್ಲೋ ಎಂಬಲ್ಲಿದ್ದ ಮೆದಿಚಿ ತೋಟಕ್ಕೆ. ಅಲ್ಲಿನ ಕೃತಕ ಗುಹೆಯಲ್ಲಿ ಬಣ್ಣದ ಕಲ್ಲಿನ ಪ್ರಾಣಿಗಳಿವೆ, ಘೇಂಡಾಮೃಗವೂ ಉಂಟು. ಬಂದ ಅತಿಥಿಗಳ ಮೇಲೆ ಇದ್ದಕ್ಕಿದ್ದಂತೆ ನೀರು ಚಿಮ್ಮುವ ಹಾಗೆ ಗುಟ್ಟಾಗಿ ಕೊಳವೆ ಹಾಕಿದ್ದರು. ರೇಷ್ಮೆ ತೊಟ್ಟು ಬಂದ ಗಣ್ಯರು ತೊಯ್ದು ತೊಪ್ಪೆಯಾಗುವಾಗ ಎದುರಿಗೆ ಈ ಕೋಳಿ ಬೀಗುತ್ತಾ ನಿಂತಿದ್ದರೆ ಹೇಗಿರುತ್ತೆ, ಅಲ್ವಾ? ಕಂಬದ ಪಕ್ಕ ನಿಂತು ಇದನ್ನೇ ಯೋಚಿಸುತ್ತಿದ್ದೆ. ಡೊನಾಟೆಲ್ಲೋನ ಕೋಣೆಗೆ ಹೋಗುವಷ್ಟರಲ್ಲಿ ಮ್ಯೂಸಿಯಂ ಮುಚ್ಚುವ ಹೊತ್ತಾಗಿತ್ತು.