ಆರ್‌ಆರ್ ಲೈರೇ: ಹತ್ತು ನಿಮಿಷಕ್ಕೊಂದು ರೋಹಿತ

ಮಿಡಿಯುವ ನಕ್ಷತ್ರಗಳ ಬೆಳಕಿನ ಏರಿಳಿತ ಅಳೆಯುವವರು ಬಹಳ ಮಂದಿ ಇದ್ದಾರೆ. ಅವುಗಳ ವಾತಾವರಣದೊಳಗೆ ಏನಾಗುತ್ತಿದೆ ಎಂದು ತಿಳಿಯಬೇಕಾದರೆ ಮಾತ್ರ ರೋಹಿತ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಪಟ್ಟಿ, ತೆಗೆಯಲೇಬೇಕು. ಅದಕ್ಕೆ 20ರಿಂದ 30 ಸೆಂ.ಮೀ. ದೂರದರ್ಶಕ ಸಾಕು. ಕನ್ನಡಿಯ ಅಳತೆಗಿಂತ ಇಲ್ಲಿ ಗಡಿಯಾರವೇ ಮುಖ್ಯ.

ಆರಂಭಕ್ಕೆ ಆರ್‌ಆರ್ ಲೈರೇಗಿಂತ ಒಳ್ಳೆಯ ನಕ್ಷತ್ರವಿಲ್ಲ. ಅಭಿಜಿತ್ ಇರುವ ಪುಂಜದಲ್ಲೇ ಇದೆ. ಉಜ್ವಲಾಂಕ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು) ಸುಮಾರು 7.1ರಿಂದ 8.1. ಒಂದು ಮಿಡಿತಕ್ಕೆ 0.5668 ದಿನ, ಅಂದರೆ 13 ಗಂಟೆ 36 ನಿಮಿಷ. ಇದರ ನೂರರಲ್ಲೊಂದು ಪಾಲು ಎಂಟೇ ನಿಮಿಷ. ಆದ್ದರಿಂದ ಒಂದೊಂದು ಎಕ್ಸ್‌ಪೋಷರ್ ಹತ್ತು ನಿಮಿಷ ಮೀರಬಾರದು. ಆರು ಫ್ರೇಮ್ ಕೂಡಿಸಿದರೆ ಗ್ರಾಫ್ ನುಣುಪಾಗುತ್ತದೆ ನಿಜ, ಆದರೆ ನೋಡಬೇಕಾದದ್ದೇ ಅಳಿಸಿಹೋಗುತ್ತದೆ.

ನೋಡಬೇಕಾದದ್ದು ಇದು. ಬೆಳಕು ಏರತೊಡಗಿದಾಗ ಒಳಗಿನಿಂದ ಆಘಾತ ಅಲೆಯೊಂದು ಮೇಲೇರುತ್ತದೆ. ಹಿಂದಿನ ಮಿಡಿತದಲ್ಲಿ ಮೇಲೆದ್ದ ಅನಿಲ ಆಗಿನ್ನೂ ಕೆಳಗಿಳಿಯುತ್ತಿರುತ್ತದೆ. ಅಲೆ ಅದಕ್ಕೆ ಬಡಿದಾಗ ಕಾದ ಅನಿಲ ಹೊಳೆಯುತ್ತದೆ. ಹೈಡ್ರೋಜನ್ ಆಲ್ಫಾ ರೇಖೆಯ (ರೋಹಿತದ ಕೆಂಪು ಭಾಗದಲ್ಲಿ ಹೈಡ್ರೋಜನ್ ಮೂಡಿಸುವ ಕಪ್ಪು ಗೀರು) ನೀಲಿ ಅಂಚಿನಲ್ಲಿ, ಅಂದರೆ ಕಡಿಮೆ ತರಂಗಾಂತರದ ಕಡೆ, ಪುಟ್ಟದೊಂದು ಉಬ್ಬು ಏಳುತ್ತದೆ. ಆಮೇಲೆ ಕಪ್ಪು ರೇಖೆ ಎರಡಾಗಿ ಒಡೆಯುತ್ತದೆ. ನೀಲಿ ಕಡೆಯದು ಅಲೆ ದಾಟಿದ ಮೇಲೆ ಏರುತ್ತಿರುವ ಪದರದ್ದು, ಕೆಂಪು ಕಡೆಯದು ಅದರ ಮೇಲೆ ಇನ್ನೂ ಬೀಳುತ್ತಿರುವ ಪದರದ್ದು. ಒಂದೇ ವಾತಾವರಣದ ಎರಡು ಪದರಗಳು ಎದುರುಬದುರಾಗಿ ಚಲಿಸುವುದನ್ನು ಮನೆಯಂಗಳದಿಂದ ಕಾಣಬಹುದು ಎಂಬುದೇ ಈ ಕೆಲಸದ ಸೊಗಸು. ಉಬ್ಬು ಬಹಳ ಹೊತ್ತು ನಿಲ್ಲುವುದಿಲ್ಲ. ಗರಿಷ್ಠ ಬೆಳಕಿಗೆ ಎರಡೂವರೆ ಗಂಟೆ ಮೊದಲೇ ಕ್ಯಾಮೆರಾ ಓಡುತ್ತಿರಬೇಕು.

ಆ ಹೊತ್ತು ನಿಮ್ಮ ರಾತ್ರಿಗೆ ಯಾವಾಗ ಬರುತ್ತದೆ? ಎರಡು ಮಿಡಿತ ಕಳೆದರೆ ಗರಿಷ್ಠ ಮಾರನೇ ದಿನ 3 ಗಂಟೆ 12 ನಿಮಿಷ ತಡವಾಗಿ ಬರುತ್ತದೆ. ಏಳು ಮಿಡಿತ ಕಳೆದರೆ ನಾಲ್ಕು ದಿನಗಳ ನಂತರ 47 ನಿಮಿಷ ಮುಂಚಿತವಾಗಿ. ಇದರ ಜೊತೆಗೆ ಬ್ಲಾಷ್ಕೊ ಪರಿಣಾಮವೂ ಇದೆ. ಸುಮಾರು 39 ದಿನಗಳ ಚಕ್ರದಲ್ಲಿ ಮಿಡಿತದ ಬಲವೂ ಗರಿಷ್ಠದ ಹೊತ್ತೂ ಬದಲಾಗುತ್ತವೆ. ಹಳೆಯ ಪಂಚಾಂಗ ನಂಬಿ ಕೂರಬೇಡಿ. ಪಕ್ಕದಲ್ಲೇ ಸಣ್ಣ ಲೆನ್ಸಿನ ಕ್ಯಾಮೆರಾವೊಂದನ್ನಿಟ್ಟು ಅದೇ ರಾತ್ರಿಯ ಬೆಳಕಿನ ಏರಿಳಿತದ ಗ್ರಾಫನ್ನೂ ತೆಗೆದುಕೊಳ್ಳಿ.

ರೋಹಿತ ತೆಗೆಯಲು ಸೀಳುಗಂಡಿ (ಬೆಳಕು ಒಳಹೋಗುವ ಕಿರಿದಾದ ಸೀಳು) ಇರುವ ಸ್ಪೆಕ್ಟ್ರೋಗ್ರಾಫೇ ಬೇಕು. 2 ಮೀಟರ್ ನಾಭಿದೂರಕ್ಕೆ 35 ಮೈಕ್ರಾನ್ ಸೀಳು ಆಕಾಶದಲ್ಲಿ 3.6 ಆರ್ಕ್ ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲೊಂದು ಪಾಲು ಒಂದು ಆರ್ಕ್ ಸೆಕೆಂಡ್) ಆಗುತ್ತದೆ. ಗೈಡಿಂಗ್, ಅಂದರೆ ದೂರದರ್ಶಕ ನಕ್ಷತ್ರವನ್ನು ಹಿಂಬಾಲಿಸುವುದು, ಅದರೊಳಗೆ ನಿಲ್ಲಬೇಕು. 20 ಸೆಂ.ಮೀ. ದೂರದರ್ಶಕಕ್ಕೆ ಮಿಲಿಮೀಟರಿಗೆ 1200 ಗೀಟಿನ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಫಲಕ) ಸರಿ. 2400 ಗೀಟಿನದು ವಿವರ ಹೆಚ್ಚು ಕೊಡುತ್ತದೆ, ಬೆಳಕನ್ನು ಮಾತ್ರ ತೆಳುವಾಗಿ ಹರಡುತ್ತದೆ. ಅದಕ್ಕೆ 30 ಸೆಂ.ಮೀ. ಬೇಕು.

ಹೆಚ್ಚಿನವರು ಎಡವುವುದು ತರಂಗಾಂತರದ ಲೆಕ್ಕದಲ್ಲಿ. ಅದನ್ನು ಅಳೆಯುವುದು ಆಂಗ್‌ಸ್ಟ್ರಾಂನಲ್ಲಿ, ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು; ರೇಖೆ ಎಷ್ಟು ಸರಿದಿದೆ ಎಂಬುದರಿಂದಲೇ ಅನಿಲದ ವೇಗ ತಿಳಿಯುತ್ತದೆ. ರಾತ್ರಿ ತಣ್ಣಗಾದಂತೆ, ದೂರದರ್ಶಕ ವಾಲಿದಂತೆ, ರೋಹಿತ ಸೆನ್ಸಾರಿನ ಮೇಲೆ ಮೆಲ್ಲಗೆ ಜಾರುತ್ತದೆ. ಪಿಕ್ಸೆಲ್ಲಿಗೆ 0.12 ಆಂಗ್‌ಸ್ಟ್ರಾಂ ಇದ್ದರೆ ಒಂದು ಪಿಕ್ಸೆಲ್ ಜಾರಿದರೂ ಸೆಕೆಂಡಿಗೆ 5.5 ಕಿ.ಮೀ. ಸುಳ್ಳು ವೇಗ. ಪ್ರತಿ ಫ್ರೇಮಿನ ಹಿಂದೆ ಮುಂದೆ ನಿಯಾನ್ ದೀಪದ ಚಿತ್ರ ತೆಗೆಯಿರಿ, 6532.88 ಮತ್ತು 6598.95 ಆಂಗ್‌ಸ್ಟ್ರಾಂ ರೇಖೆಗಳು ಹೈಡ್ರೋಜನ್ ಆಲ್ಫಾದ ಎರಡೂ ಬದಿಗೆ ಕಾವಲಿದ್ದಂತೆ. ಇನ್ನೊಂದು ಪರೀಕ್ಷೆ ಪುಕ್ಕಟೆ ಸಿಗುತ್ತದೆ: ನಮ್ಮ ಗಾಳಿಯ ನೀರಾವಿ ಆ ಸುತ್ತಮುತ್ತ ಸಣ್ಣ ಸಣ್ಣ ಕಪ್ಪು ಗೀರು ಹಾಕಿರುತ್ತದೆ. ಭೂಮಿಯ ಚಲನೆಯ ತಿದ್ದುಪಡಿ ಮಾಡುವ ಮೊದಲು ಅವು ಎಲ್ಲ ಫ್ರೇಮಿನಲ್ಲೂ ಒಂದೇ ಕಡೆ ಇರಬೇಕು. ಸರಿದಿದ್ದರೆ ಸರಿದದ್ದು ನಿಮ್ಮ ಉಪಕರಣ, ನಕ್ಷತ್ರವಲ್ಲ. ತಿದ್ದುಪಡಿಯ ನಂತರವೂ ಮಿಡಿತದ ಸರಾಸರಿ ರೇಖೆ ಸುಮಾರು 1.6 ಆಂಗ್‌ಸ್ಟ್ರಾಂ ನೀಲಿ ಕಡೆಗೇ ಇರುತ್ತದೆ. ಅದು ತಪ್ಪಲ್ಲ, ನಕ್ಷತ್ರ ಸೆಕೆಂಡಿಗೆ ಸುಮಾರು 72 ಕಿ.ಮೀ. ವೇಗದಲ್ಲಿ ನಮ್ಮತ್ತ ಬರುತ್ತಿದೆ.

ರೋಹಿತದಲ್ಲಿ ರೇಖೆಗಳ ಹಿಂದಿರುವ ನಕ್ಷತ್ರದ ಬೆಳಕಿನ ಏರುತಗ್ಗನ್ನು ಸಮ ಮಾಡುವಾಗಲೂ ಎಚ್ಚರ ಬೇಕು. ಈ ನಕ್ಷತ್ರದ ಹೈಡ್ರೋಜನ್ ರೇಖೆಯ ರೆಕ್ಕೆಗಳು, ಅಂದರೆ ಎರಡೂ ಬದಿಯ ಇಳಿಜಾರು ಅಂಚುಗಳು, ಅಗಲ. ರೆಕ್ಕೆಯೊಳಗೇ ಬಿಂದು ಗುರುತಿಸಿ ಬಳುಕುವ ವಕ್ರರೇಖೆ ಹೊಂದಿಸಿದರೆ ಉಬ್ಬು ಅದರಲ್ಲೇ ಕರಗಿಹೋಗುತ್ತದೆ. ಒಂದೇ ಫ್ರೇಮಿನಲ್ಲಿ ಕಂಡ ಉಬ್ಬನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕಾಸ್ಮಿಕ್ ಕಿರಣ ಬಡಿದ ಗುರುತೂ ಹಾಗೇ ಕಾಣುತ್ತದೆ. ನಿಜವಾದದ್ದು ಮುಂದಿನ ಫ್ರೇಮಿನಲ್ಲೂ ಇರುತ್ತದೆ, ಅದರ ಎತ್ತರ ಮಾತ್ರ ಸ್ವಲ್ಪ ಬದಲಾಗಿರುತ್ತದೆ.