ಕ್ಯಾಲ್ಸಿಯಂ ಒಳ್ಳೇದೋ ಕೆಟ್ಟದ್ದೋ ಅಂತ ಕೇಳುವವರಿಗೆ

ಜೀವಕೋಶಗಳು ಸಾಯುವಾಗ ಕ್ಯಾಲ್ಸಿಯಂ ಏನು ಮಾಡುತ್ತದೆ ಅನ್ನುವುದು ನನ್ನ ಸಂಶೋಧನೆ. ಇಷ್ಟು ಹೇಳುವಷ್ಟರಲ್ಲಿ ಎದುರಿಗಿದ್ದವರಿಗೆ ಗಾಬರಿಯಾಗಿರುತ್ತದೆ. "ಅಯ್ಯೋ, ಮೂಳೆಗೆ ಬೇಕು ಅಂತ ಡಾಕ್ಟ್ರು ಮಾತ್ರೆ ಕೊಟ್ಟಿದಾರಲ್ಲ! ಹಾಗಾದ್ರೆ ಕ್ಯಾಲ್ಸಿಯಂ ಒಳ್ಳೇದೋ ಕೆಟ್ಟದ್ದೋ?" ಬಾಯಿಬಿಟ್ಟು ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮಾತ್ರೆಯ ವಿಷಯವನ್ನು ಮಾತ್ರೆ ಕೊಟ್ಟವರನ್ನೇ ಕೇಳಿ. ದೇಹದ ಕ್ಯಾಲ್ಸಿಯಂನಲ್ಲಿ ಸುಮಾರು ಶೇ. 99ರಷ್ಟು ಮೂಳೆ, ಹಲ್ಲುಗಳಲ್ಲಿದೆ. ರಕ್ತದಲ್ಲಿರುವುದನ್ನು ಹಾರ್ಮೋನುಗಳು ಬಿಗಿಯಾಗಿ ಕಾಯುತ್ತವೆ. ನಾನು ನೋಡುವುದು ಒಂದೊಂದು ಕೋಶದ ಪೊರೆಯೊಳಗಿನ ಚೂರನ್ನು.

ನನ್ನನ್ನು ಕೆರಳಿಸುವುದು ಆ "ಒಳ್ಳೇದೋ ಕೆಟ್ಟದ್ದೋ". ವರ್ಷಗಳ ಹಿಂದೆ ಅನುದಾನಕ್ಕಾಗಿ ಒಂದು ಸಂದರ್ಶನಕ್ಕೆ ಹೋಗಿದ್ದೆ. ಸಮಿತಿಯಲ್ಲಿದ್ದ ಹಿರಿಯರೊಬ್ಬರು ನನ್ನ ಚಿತ್ರಗಳನ್ನು ಅರ್ಧಕ್ಕೇ ನಿಲ್ಲಿಸಿ, "ಒಂದೇ ಮಾತಲ್ಲಿ ಹೇಳಿ, ಕ್ಯಾಲ್ಸಿಯಂ ಕೋಶವನ್ನು ಉಳಿಸುತ್ತೋ ಕೊಲ್ಲುತ್ತೋ?" ಅಂದರು. "ಎಲ್ಲಿ ಏರಿತು, ಎಷ್ಟು ಹೊತ್ತು ನಿಂತಿತು ಅನ್ನೋದರ ಮೇಲೆ ಹೋಗುತ್ತೆ ಸರ್" ಅಂದೆ. "ಇದು ಜಾರಿಕೊಳ್ಳೋ ಉತ್ತರ" ಅಂದರು. ಅನುದಾನ ಬರಲಿಲ್ಲ. ಅದಕ್ಕಿಂತ ಆ ಮಾತು ಹೆಚ್ಚು ದಿನ ಚುಚ್ಚಿತು. ನಾನು ಜಾರಿಕೊಂಡಿರಲಿಲ್ಲ. ಇಡೀ ವಿಷಯ ಇರುವುದೇ ನಾನು ಕೊಟ್ಟ ಆ ಉತ್ತರದಲ್ಲಿ.

ನೋಡಿ, ಕೋಶದ ಹೊರಗಿನ ದ್ರವದಲ್ಲಿರುವ ಕ್ಯಾಲ್ಸಿಯಂ ಒಳಗಿನ ಕೋಶದ್ರವ್ಯದಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಈ ಅಂತರ ತಾನಾಗಿ ಉಳಿಯುವುದಲ್ಲ. ಕೋಶ ಹಗಲೂ ರಾತ್ರಿ ಎಟಿಪಿ ಅನ್ನುವ ತನ್ನ ಶಕ್ತಿಯ ನಾಣ್ಯವನ್ನು ಖರ್ಚು ಮಾಡಿ ಕ್ಯಾಲ್ಸಿಯಂ ಅನ್ನು ಹೊರಕ್ಕೋ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಅನ್ನುವ ಒಳಗಣ ಉಗ್ರಾಣಕ್ಕೋ ಪಂಪ್ ಮಾಡುತ್ತಲೇ ಇರುತ್ತದೆ. ಒಳಗೆ ಹೆಚ್ಚಾದರೆ ಅದು ಫಾಸ್ಫೇಟ್ ಜೊತೆ ಸೇರಿ ಗಟ್ಟಿಯಾಗಿ ಕೂರುತ್ತದೆ; ಕೋಶದ ಶಕ್ತಿಯ ವ್ಯವಹಾರವೆಲ್ಲ ನಡೆಯುವುದು ಫಾಸ್ಫೇಟ್‌ನಿಂದ. ಆದರೆ ಒಳಗೆ ಇಷ್ಟು ಖಾಲಿ ಇಟ್ಟುಕೊಂಡದ್ದರಿಂದಲೇ ಒಂದು ಲಾಭವೂ ಆಯಿತು. ನಿಶ್ಶಬ್ದವಾದ ಮನೆಯಲ್ಲಿ ಚಿಲಕದ ಸದ್ದೂ ಕೇಳುವ ಹಾಗೆ, ಚೂರು ಕ್ಯಾಲ್ಸಿಯಂ ಒಳಬಂದರೂ ಕೋಶಕ್ಕೆ ಅದು ಸಂದೇಶ.

1883ರಲ್ಲಿ ಸಿಡ್ನಿ ರಿಂಗರ್ ಎಂಬ ಇಂಗ್ಲಿಷ್ ವೈದ್ಯ ಪ್ರಕಟಿಸಿದ್ದು ಇದರ ಮೊದಲ ಸುಳಿವು. ಲಂಡನ್ನಿನ ನಲ್ಲಿ ನೀರಿನಲ್ಲಿ ಮಾಡಿದ ಉಪ್ಪಿನ ದ್ರಾವಣದಲ್ಲಿ ಕಪ್ಪೆಯ ಹೃದಯ ಬಡಿಯುತ್ತಿತ್ತು, ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿದಾಗ ಸೋತು ನಿಲ್ಲುತ್ತಿತ್ತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಆ ಬಡಿತವನ್ನು ನಡೆಸಿತ್ತು. ವೀರ್ಯಾಣು ಸೇರಿದ ಅಂಡದಲ್ಲಿ ಬೆಳವಣಿಗೆ ಶುರುವಾಗುವುದೂ ಕ್ಯಾಲ್ಸಿಯಂ ಅಲೆಯಿಂದಲೇ.

ಅದೇ ಕ್ಯಾಲ್ಸಿಯಂ ಒಳಗೆ ಬಂದು ಇಳಿಯದೆ ನಿಂತರೆ? ಕೋಶದೊಳಗೆ ಎಟಿಪಿ ತಯಾರಿಸುವ ಮೈಟೊಕಾಂಡ್ರಿಯಾಗಳು ಒಂದಷ್ಟನ್ನು ನುಂಗಿಕೊಳ್ಳುತ್ತವೆ. ಮಿತಿ ಮೀರಿದಾಗ ಅವುಗಳ ಒಳಪೊರೆಯಲ್ಲಿ ರಂಧ್ರ ತೆರೆದು, ಎಟಿಪಿ ತಯಾರಿ ನಿಲ್ಲುತ್ತದೆ. ಎಟಿಪಿ ಇಲ್ಲದೆ ಪಂಪುಗಳು ನಿಲ್ಲುತ್ತವೆ, ಇನ್ನಷ್ಟು ಕ್ಯಾಲ್ಸಿಯಂ ನುಗ್ಗುತ್ತದೆ. ಆಗ ಕೋಶ ಊದಿ ಒಡೆಯುತ್ತದೆ. ಸ್ವಲ್ಪ ಎಟಿಪಿ ಉಳಿದಿದ್ದರೆ ಮಾತ್ರ ಅದು ಅಪೊಪ್ಟೋಸಿಸ್ ಹಾದಿ ಹಿಡಿದು, ತನ್ನನ್ನು ತಾನೇ ತುಂಡು ಮಾಡಿಕೊಂಡು, ನೆರೆಯವರಿಗೆ ತೊಂದರೆಯಾಗದಂತೆ ಸಾಯಬಲ್ಲದು. ಅಚ್ಚುಕಟ್ಟಾಗಿ ಸಾಯುವುದಕ್ಕೂ ಶಕ್ತಿ ಬೇಕು. ಇದನ್ನು ಮೊದಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನನ್ನು ಯಾರಾದರೂ ಕೇಳಲಿ ಅಂತ ನಾನು ಕಾದಿರುವ ಪ್ರಶ್ನೆ ಬೇರೆ ಇದೆ. ಕತ್ತಲೆ ಕೋಣೆಯಲ್ಲಿ ಮೈಕ್ರೊಸ್ಕೋಪಿನ ಮುಂದೆ ಕೂತಿರುತ್ತೇನೆ. ಕೋಶಗಳಿಗೆ ಫ್ಯೂರಾ-2 ಎಂಬ, ಕ್ಯಾಲ್ಸಿಯಂ ಎಷ್ಟಿದೆ ಅಂತ ತನ್ನ ಹೊಳಪಿನಿಂದ ತೋರಿಸುವ ಬಣ್ಣ ತುಂಬಿರುತ್ತೇನೆ. ವಿಜ್ಞಾನಿ ರೋಜರ್ ಚೆನ್ ಮತ್ತು ಜೊತೆಗಾರರು 1985ರಲ್ಲಿ ವಿವರಿಸಿದ ಬಣ್ಣ ಅದು. ಪರದೆಯ ಮೇಲೆ ಕ್ಯಾಲ್ಸಿಯಂ ಕಡಿಮೆ ಇದ್ದಲ್ಲಿ ನೀಲಿ, ಏರಿದಲ್ಲಿ ಕೆಂಪು ಕಾಣುವಂತೆ ಹೊಂದಿಸಿಕೊಂಡಿದ್ದೇನೆ. ಒಂದೇ ಕೋಶ ವಿಭಜನೆಯಾಗಿ ಎರಡಾದ ಅಕ್ಕಪಕ್ಕದ ಜೋಡಿ. ಔಷಧಿ ಹಾಕುತ್ತೇನೆ. ಎರಡೂ ಕೆಂಪಾಗುತ್ತವೆ. ಒಂದು ನಿಧಾನಕ್ಕೆ ನೀಲಿಗೆ ಮರಳುತ್ತದೆ, ಇನ್ನೊಂದು ಮರಳುವುದೇ ಇಲ್ಲ, ಸಾಯುತ್ತದೆ.

ಪಕ್ಕದ್ದು ಹೇಗೆ ಉಳಿಯಿತು? ಇದನ್ನು ಕೇಳಿ. ಉಗ್ರಾಣದಲ್ಲಿ ಮೊದಲೇ ಕಡಿಮೆ ತುಂಬಿತ್ತೇ? ಉಗ್ರಾಣದ ಬಾಗಿಲು ಕಾಯುವ ಬಿಸಿಎಲ್-2 ಎಂಬ ಪ್ರೋಟೀನ್ ಆ ಕೋಶದಲ್ಲಿ ಒಂದಿಷ್ಟು ಹೆಚ್ಚಿತ್ತೇ? ಮೈಟೊಕಾಂಡ್ರಿಯಾಗಳು ಉಗ್ರಾಣಕ್ಕೆ ಅಂಟಿಕೊಳ್ಳದೆ ದೂರ ಇದ್ದವೇ? ನಾನೀಗ ಈ ಮೂರನ್ನೂ ಒಂದೊಂದಾಗಿ ಹಿಡಿದು ನೋಡುತ್ತಿದ್ದೇನೆ. ನಾಳೆಯ ಕೋಶಗಳು ಇನ್‌ಕ್ಯುಬೇಟರಿನಲ್ಲಿವೆ. ಬೆಳಗಿನ ಹೊತ್ತಿಗೆ ವಿಭಜನೆಯಾಗಿ ಜೋಡಿಯಾಗಿರುತ್ತವೆ.