ಕ್ಯಾಶುವಾಲ್ಟಿಗೆ ಬಂದ ಪೆರ್ಮರಿ ಕಿನ್ನಿ

ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ನಾನು ಸ್ಟಾಫ್ ನರ್ಸ್. ಮಳೆಗಾಲ ಶುರುವಾದರೆ ಹಾವು ಕಚ್ಚಿದವರು ಬರುವುದು ನಮಗೆ ಹೊಸತಲ್ಲ. ಹುಲ್ಲು ಕೊಯ್ಯಲು ಹೋದವರು, ಕೊಟ್ಟಿಗೆಯಿಂದ ಕಟ್ಟಿಗೆ ತೆಗೆಯಲು ಹೋದವರು. ಸಾಕಿದ ಹಾವೇ ಕಚ್ಚಿ ಬಂದವನು ಇವನೊಬ್ಬನೇ.

ಬಂದಾಗ ಹಾಗೆ ಹೇಳಲಿಲ್ಲ, ಅದೇ ಕಿರಿಕಿರಿ. "ಗೇಟಿನ ಹತ್ರ ಪೆರ್ಮರಿ ಕಿನ್ನಿ ಇತ್ತು ಸಿಸ್ಟರ್. ಬದಿಗೆ ಬಿಡ್ಲಿಕ್ಕೆ ಹೋದೆ, ಕಚ್ಚಿತು. ವಿಷ ಎಂತ ಇಲ್ಲ, ಒಂದು ಟಿಟಿ ಕೊಡಿ ಸಾಕು." ಪೆರ್ಮರಿ ಕಿನ್ನಿ ಅಂದರೆ ತುಳುವಿನಲ್ಲಿ ಹೆಬ್ಬಾವಿನ ಮರಿ. ಕಾಲೇಜು ಹುಡುಗ, ನಡೆದುಕೊಂಡೇ ಬಂದಿದ್ದ. ಹೆಬ್ಬೆರಳಿನ ಬುಡದಲ್ಲಿ ಎರಡು ಚುಕ್ಕೆ. ಬಿಪಿ, ಪಲ್ಸ್ ಸರಿ ಇತ್ತು. ಪಕ್ಕದ ಬೆಡ್‌ನಲ್ಲಿ ಪಂಪ್‌ವೆಲ್ ಹತ್ತಿರ ಬೈಕಿನಿಂದ ಬಿದ್ದವನ ಗಲಾಟೆ. ಯಾರಿಗೆ ಎಷ್ಟು ತುರ್ತು ಎಂದು ಗುರುತಿಸುವ ಟ್ರಯಾಜ್ ಶೀಟಿನಲ್ಲಿ ನಾನು 'ವಿಷವಿಲ್ಲದ ಹಾವು' ಎಂದು ಬರೆದು ಗ್ರೀನ್‌ಗೆ, ಅಂದರೆ ತುರ್ತಿಲ್ಲದವರ ಸಾಲಿಗೆ ಹಾಕಿದೆ. ಹೆಬ್ಬಾವು ಕಚ್ಚಿದರೆ ಸಾಮಾನ್ಯವಾಗಿ ಸಾಲಾಗಿ ಹಲ್ಲಿನ ಗೀರು ಇರುತ್ತದೆ. ಎರಡೇ ಚುಕ್ಕೆ ಯಾಕೆ ಅಂತ ಆಗ ಹೊಳೆಯಲಿಲ್ಲ.

ಮತ್ತೆ ನೋಡಿದಾಗ ಕೈ ಮಣಿಕಟ್ಟಿನವರೆಗೆ ಊದಿತ್ತು. ಟಿಟಿ ಚುಚ್ಚಿದ ಜಾಗದಿಂದ ರಕ್ತ ಜಿನುಗುತ್ತಲೇ ಇತ್ತು. ಹತ್ತಿ ಬದಲಿಸಿದೆ, ಒತ್ತಿ ಹಿಡಿದೆ. ನಿಲ್ಲಲಿಲ್ಲ.

"ಟ್ವೆಂಟಿ ಮಿನಿಟ್ ಹಾಕಿ ಸಿಸ್ಟರ್," ಎಂದರು ಡ್ಯೂಟಿ ಡಾಕ್ಟರ್. ವಿಷ ಏರಿ ರಕ್ತ ಹೆಪ್ಪುಗಟ್ಟುವುದು ನಿಂತಿದೆಯೇ ಎಂದು ನೋಡುವ ಪರೀಕ್ಷೆ ಅದು. ಅದಕ್ಕೆ ಒಣಗಿದ, ಸ್ವಚ್ಛವಾದ ಗಾಜಿನ ಟ್ಯೂಬೇ ಬೇಕು. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಒಳ್ಳೆಯ ರಕ್ತವೂ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಸೋಪು ಹಾಕಿ ತೊಳೆದ ಗಾಜನ್ನೂ ನಂಬುವ ಹಾಗಿಲ್ಲ. ನಮ್ಮ ಸ್ಟೋರ್ಸ್‌ನವರು ಎಲ್ಲವನ್ನೂ ಪ್ಲಾಸ್ಟಿಕ್ ವ್ಯಾಕ್ಯುಟೇನರ್ ಮಾಡಿ ಕೈತೊಳೆದುಕೊಂಡಿದ್ದಾರೆ. ಲ್ಯಾಬಿನ ಹುಡುಗ ಯಾವುದೋ ಹಳೆ ಕಪಾಟು ತಡಕಾಡಿ ಒಂದು ಹೊಸ ಟ್ಯೂಬ್ ತಂದುಕೊಟ್ಟ. 2 ಎಂಎಲ್ ರಕ್ತ ಹಾಕಿ ಸ್ಟ್ಯಾಂಡಿನಲ್ಲಿಟ್ಟೆವು. 20 ನಿಮಿಷ ಅದನ್ನು ಮುಟ್ಟುವಂತಿಲ್ಲ, ಅಲುಗಾಡಿಸುವಂತಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಸೆಕ್ಯುರಿಟಿಯವರ ಕೂಗು. ಹುಡುಗನ ಫ್ರೆಂಡ್ ಒಂದು ಅಕ್ಕಿ ಡಬ್ಬ ಅಪ್ಪಿಕೊಂಡು ಒಳಗೇ ಬಂದುಬಿಟ್ಟಿದ್ದ! ಮುಚ್ಚಳದಲ್ಲಿ ಸ್ಕ್ರೂಡ್ರೈವರ್ ಕಾಯಿಸಿ ಮಾಡಿದ ತೂತುಗಳು. "ಡಾಕ್ಟ್ರಿಗೆ ತೋರಿಸುವಾ ಅಂತ ತಂದೆ." ಡಬ್ಬ ಕೌಂಟರ್ ಮೇಲೆ ಇಟ್ಟದ್ದೇ ತಡ, ಒಳಗಿಂದ ಕುಕ್ಕರ್ ಸೀಟಿ ಹೊಡೆದ ಹಾಗೆ ಬುಸುಗುಟ್ಟಿತು. ಬೈಕಿನಿಂದ ಬಿದ್ದವನೂ ಕಾಲು ಮಡಚಿಕೊಂಡ. ಹಾವಿನ ಬೆನ್ನ ಮೇಲೆ ಸರಪಳಿ ಹಾಗೆ ಮೂರು ಸಾಲು ಚುಕ್ಕೆ. ಅಪ್ಪಟ ಕನ್ನಡಿ ಹಾವು, ಕೊಳಕುಮಂಡಲ ಅಂತೇವಲ್ಲ, ಅದೇ.

"ಎಷ್ಟು ದಿನದಿಂದ ಉಂಟು?" ಎಂದು ಡಾಕ್ಟರ್ ಕೇಳಿದರು. ಫ್ರೆಂಡ್ ನೆಲ ನೋಡಿದ. ಮಲಗಿದ್ದವನೇ ಬಾಯಿಬಿಟ್ಟ. ತೋಟದಲ್ಲಿ ಸಿಕ್ಕಿದ್ದು, ಹೆಬ್ಬಾವಿನ ಮರಿ ಅಂದುಕೊಂಡು ರೂಮಿನಲ್ಲೇ ಸಾಕುತ್ತಿದ್ದನಂತೆ. ಅರಣ್ಯ ಇಲಾಖೆಯವರು ಹಿಡಿಯುತ್ತಾರೆಂದು ಹೆದರಿ ಗೇಟಿನ ಕತೆ ಕಟ್ಟಿದ್ದ. ಹೆದರಿಕೆ ಸುಳ್ಳಲ್ಲ. ಇಲ್ಲಿನ ಹಾವನ್ನು ಹಿಡಿದು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಹೆಬ್ಬಾವಾದರೂ ಅಷ್ಟೇ. ಮರಿ ತಾನೇ ಅನ್ನುವ ಹಾಗೂ ಇಲ್ಲ. ಕೊಳಕುಮಂಡಲ ಮೊಟ್ಟೆ ಇಡದೆ ನೇರ ಮರಿ ಹಾಕುತ್ತದೆ, ಮರಿಗೆ ಹುಟ್ಟುವಾಗಲೇ ವಿಷ ಇರುತ್ತದೆ.

ಟ್ಯೂಬ್ ಓರೆ ಮಾಡಿದೆವು. ರಕ್ತ ಹೆಪ್ಪುಗಟ್ಟದೆ ಅಂಚಿನವರೆಗೆ ಹರಿದು ಬಂತು.

ಆಮೇಲಿನದು ಓಡಾಟ. ಹಾವಿನ ವಿಷಕ್ಕೆ ಕೊಡುವ ಮದ್ದು ಎಎಸ್‌ವಿ, ಅದು 10 ವಯಲ್ ಬೇಕು. ಶೀಟಿನಲ್ಲಿ 'ವಿಷವಿಲ್ಲದ ಹಾವು' ಎಂದಿದ್ದರಿಂದ ಸಾಫ್ಟ್‌ವೇರ್ ನಮ್ಮ ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ತೆಗೆದುಕೊಳ್ಳಲಿಲ್ಲ. ಡಾಕ್ಟರೇ ಫಾರ್ಮಸಿಗೆ ಫೋನ್ ಮಾಡಿ ಬೈದು ತರಿಸಿದರು. ಪುಡಿ ಕರಗಿಸುವಾಗ ವಯಲ್ ಕುಲುಕಿದರೆ ನೊರೆ ಬರುತ್ತದೆ, ಅಂಗೈಯಲ್ಲಿ ಮೆಲ್ಲ ತಿರುಗಿಸಬೇಕು. ಆ ಗಡಿಬಿಡಿಯಲ್ಲಿ ಮೆಲ್ಲ ಕೆಲಸ ಮಾಡುವುದು ಎಷ್ಟು ಕಷ್ಟ ಮಾರಾಯ್ರೆ! ಕುದುರೆಯ ರಕ್ತದಿಂದ ಮಾಡಿದ ಮದ್ದು, ಅಲರ್ಜಿ ಆಗಬಹುದು. ಅಡ್ರಿನಾಲಿನ್ ಸಿರಿಂಜಿಗೆ ಎಳೆದು ಪಕ್ಕದಲ್ಲೇ ಇಟ್ಟುಕೊಂಡೆ.

ಹುಡುಗ ಬದುಕಿದ. ಆದರೆ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಎಎಸ್‌ವಿ ರಕ್ತದಲ್ಲಿರುವ ವಿಷವನ್ನು ಹಿಡಿಯುತ್ತದೆ, ಆಗಿಹೋದ ಹಾನಿಯನ್ನು ರಿಪೇರಿ ಮಾಡುವುದಿಲ್ಲ. ಗೇಟಿನ ಕತೆಗೆ ಹೋದ ಹೊತ್ತನ್ನು ಡಯಾಲಿಸಿಸ್‌ನಲ್ಲಿ ಕಟ್ಟಿದ. ಬಿಲ್ ಅಪ್ಪ ಕಟ್ಟಿದರು.

ಹಾಗೆ ನೋಡಿದರೆ ಅವನ ಅದೃಷ್ಟ ದೊಡ್ಡದು. ನಮ್ಮಲ್ಲಿರುವ ಎಎಸ್‌ವಿ ಮಾಡುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ. ಆಗುಂಬೆ ಕಡೆಯ ಕಾಳಿಂಗಕ್ಕೆ, ನಮ್ಮದೇ ರಬ್ಬರ್ ತೋಟದ ತರಗೆಲೆಯಲ್ಲಿ ಕೂರುವ ಮೂಗು ಮೇಲೆದ್ದ ಗುಳಿಮಂಡಲಕ್ಕೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಇನ್ನು ಯಾರಾದರೂ ಹೊರದೇಶದ ವಿಷದ ಹಾವು ತಂದು ಸಾಕಿದರೆ, ನಮ್ಮ ಫಾರ್ಮಸಿಯಲ್ಲಿ ಹುಡುಕಿ ಪ್ರಯೋಜನ ಇಲ್ಲ.

ಈಗ ಯಾರು ಯಾವ ಹಾವಿನ ಹೆಸರು ಹೇಳಿದರೂ ನಾನು ಮೊದಲು ಟ್ಯೂಬಿಗೆ ರಕ್ತ ತೆಗೆಯುತ್ತೇನೆ, ಟಿಟಿ ಆಮೇಲೆ. ಹಾವು ತರಬೇಡಿ, ದೂರದಿಂದ ಫೋಟೋ ಸಿಕ್ಕರೆ ಸಾಕು ಅಂತ ಬಾಗಿಲಲ್ಲಿ ಬರೆದು ಅಂಟಿಸಿದ್ದೇವೆ. ಡಬ್ಬವನ್ನು ಅರಣ್ಯ ಇಲಾಖೆಯವರು ಒಯ್ದರು. ಗಾಜಿನ ಟ್ಯೂಬಿಗೆ ಹಾಕಿದ ಇಂಡೆಂಟ್ ಮಾತ್ರ 'ನಾನ್ ಮೂವಿಂಗ್ ಐಟಂ', ಅಂದರೆ ಖರ್ಚಾಗದ ಸಾಮಾನು, ಎಂಬ ಷರಾ ಹೊತ್ತು ವಾಪಸ್ ಬಂದಿದೆ. ಡಾಕ್ಟರ ಸಹಿ ಹಾಕಿಸಿ ಮತ್ತೆ ಕಳಿಸಿದ್ದೇನೆ.